ಮೂಲೆ ಮನೆಯ ಕಿಟಕಿ ಅಳತೆ

2014ರಲ್ಲಿ ನಾನು ಕೆ.ಆರ್.ಪುರದ ಕಡೆಯ ಒಂದು ಸಾರ್ವಜನಿಕ ವಲಯದ ಕಾರ್ಖಾನೆಯ ಎಸ್ಟೇಟ್ ವಿಭಾಗದಲ್ಲಿ ಸೀನಿಯರ್ ಅಸಿಸ್ಟೆಂಟ್ ಆಗಿದ್ದೆ. ನೌಕರರಿಗೆ ಕ್ವಾರ್ಟರ್ಸ್ ಹಂಚುವ ವಿಭಾಗ ಅದು. ಯಾರಿಗೆ ಯಾವ ಮನೆ ಎಂಬ ಸೀನಿಯಾರಿಟಿ ಪಟ್ಟಿ ತಯಾರಿಸುವುದು ನನ್ನ ಕೆಲಸ, ಸಹಿ ಹಾಕುವುದು ಸಾಹೇಬರ ಕೆಲಸ, ಬೈಸಿಕೊಳ್ಳುವುದು ಮತ್ತೆ ನನ್ನ ಕೆಲಸ. ಮನೆ ಸಿಕ್ಕವನು ನಲ್ಲಿ ಸೋರುತ್ತದೆ ಎಂದು ಬೈಯುತ್ತಿದ್ದ. ಸಿಗದವನು ಸಿಕ್ಕವನನ್ನು ತೋರಿಸಿ ಬೈಯುತ್ತಿದ್ದ. ಚರ್ಚಿನ ಗಾಯನ ಮಂಡಳಿಯಲ್ಲಿ ಹಾಡುವ ಮನುಷ್ಯ ಎಂದು ನನ್ನ ತಾಳ್ಮೆಗೆ ಕಾಲೊನಿಯಲ್ಲಿ ಒಳ್ಳೆಯ ಹೆಸರಿತ್ತು. ಆ ಹೆಸರು ಉಳಿಸಿಕೊಳ್ಳುವುದರಲ್ಲೇ ನನಗೆ ಸಾಕುಸಾಕಾಗಿ ಹೋಗಿತ್ತು.

ಆ ವರ್ಷ ಮೂಲೆ ಮನೆ ಖಾಲಿಯಾಗುವುದಿತ್ತು. ನೆಲಮಹಡಿ, ಮುಂದೆ ಜಗಲಿ, ಹಿಂದೆ ಸೀಬೆ ಮರ, ಮೂರು ಕಡೆಯಿಂದ ಗಾಳಿ. ಅದರಲ್ಲಿದ್ದ ಸರೋಜಮ್ಮನವರ ಗಂಡ ನಿವೃತ್ತರಾಗಲು ಇನ್ನೂ ಎರಡು ತಿಂಗಳಿರುವಾಗಲೇ ಕಾಲೊನಿಯ ಹಳೇ ಚಾಳಿ ಶುರುವಾಯಿತು. ಮನೆಯ ಮೇಲೆ ಕಣ್ಣಿಟ್ಟವರು ಸುಮ್ಮನೆ ಮಾತಾಡಿಸಿಕೊಂಡು ಹೋಗಲು ಬಂದೆವು ಎಂದು ಒಳಗೆ ಬಂದು, ಕಾಫಿ ಕುಡಿದು, ಪರದೆಗೆಂದು ಕಿಟಕಿಗಳನ್ನು ಟೇಪಿನಲ್ಲಿ ಅಳೆದುಕೊಂಡು ಹೋಗುವುದು! ಒಬ್ಬಾಕೆಯಂತೂ ಫ್ರಿಜ್ಜಿಗೆ ಜಾಗ ಸಾಲುತ್ತದೆಯೇ ಎಂದು ದೇವರ ಮನೆಯನ್ನೇ ಅಳೆದಳಂತೆ. ಸರೋಜಮ್ಮ ನಮ್ಮ ಆಫೀಸಿಗೇ ಬಂದರು.

“ಸಾರ್, ನಾವಿನ್ನೂ ಆ ಮನೇಲೇ ಇದೀವಿ. ಇವರ ಟೇಪ್ ನೋಡಿದ್ರೆ ನನಗೆ ಮೈ ಉರಿಯತ್ತೆ.”

ಮನೆ ಖಾಲಿಯಾಗುವ ಮೊದಲು ಯಾರೂ ಒಳಗೆ ಹೋಗಿ ಅಳತೆ ತೆಗೆಯಕೂಡದು ಎಂದು ಅಂದೇ ಸುತ್ತೋಲೆ ಬರೆದು, ಸಾಹೇಬರ ಸಹಿ ಮಾಡಿಸಿ ನೋಟಿಸ್ ಬೋರ್ಡಿಗೆ ಹಾಕಿದೆ.

ಈಗ ನನ್ನ ವಿಷಯ ಹೇಳಬೇಕು. ಹನ್ನೊಂದು ವರ್ಷದಿಂದ ನಾವು ಅದೇ ಕಾಲೊನಿಯಲ್ಲಿ ಎರಡನೇ ಮಹಡಿಯ ಮನೆಯಲ್ಲಿದ್ದೆವು. ಆ ಮೂಲೆ ಮನೆ ನನಗೂ ಬೇಕಿತ್ತು. ಬೇಕಿತ್ತು ಎಂದರೆ ಸಣ್ಣ ಮಾತಾಯಿತು. ದಿನಾ ಆ ಕಡೆಯಿಂದಲೇ ಸುತ್ತಿಕೊಂಡು ಆಫೀಸಿಗೆ ಹೋಗುತ್ತಿದ್ದೆ. ಮನೆ ಬದಲಾವಣೆಗೆ ನಿಯಮದ ಪ್ರಕಾರವೇ ಅರ್ಜಿ ಹಾಕಿದ್ದೆ. ಅರ್ಜಿದಾರರಲ್ಲಿ ನನಗಿಂತ ಸೀನಿಯರ್ ಒಬ್ಬನೇ, ಮೆಷಿನ್ ಶಾಪಿನ ಬಸವರಾಜ. ಯಾದಗಿರಿ ಕಡೆಯವನು, ಗರುಡಾಚಾರ್‌ಪಾಳ್ಯದಲ್ಲಿ ಮೂರನೇ ಮಹಡಿಯ ಬಾಡಿಗೆ ಕೋಣೆಯಲ್ಲಿ ತಾಯಿಯೊಂದಿಗೆ ಇದ್ದ. ಅರ್ಜಿ ಕೊಡುವಾಗ ಅವನು ಹೇಳಿದ್ದು ಇಷ್ಟೇ: “ನಮ್ಮವ್ವಗ ಮೊಣಕಾಲು ಹೋಗ್ಯಾವ್ರಿ ಸರ್. ನಾಕು ತಿಂಗಳಾತು, ಕೆಳಗ ಇಳಿದಿಲ್ಲ.”

ಅವನ ಅರ್ಜಿಯಲ್ಲಿ ಸೆಕ್ಷನ್ ಮುಖ್ಯಸ್ಥರ ಸಹಿ ಇತ್ತು, ಸೀಲ್ ಇರಲಿಲ್ಲ. ಸೀಲ್ ಇಲ್ಲದ ಅರ್ಜಿ ಅಪೂರ್ಣ. ಕೊನೆಯ ದಿನ ದಾಟಿದರೆ ತಿರಸ್ಕೃತ. ಬೇರೆ ಯಾರದಾದರೂ ಆಗಿದ್ದರೆ ಇಂಟರ್‌ಕಾಮ್ ಎತ್ತಿ, ಬಂದು ಸೀಲ್ ಹಾಕಿಸಿಕೊಂಡು ಹೋಗಪ್ಪ ಎನ್ನುತ್ತಿದ್ದೆ. ಈ ಸಲ ಎತ್ತಲಿಲ್ಲ. ನಿಯಮ ಮುರಿಯಲಿಲ್ಲ, ಸುಳ್ಳು ಹೇಳಲಿಲ್ಲ. ಸುಮ್ಮನಿದ್ದೆ, ಅಷ್ಟೇ. ಶುಕ್ರವಾರ ಕೊನೆಯ ದಿನ.

ಅದಕ್ಕೂ ಮುಂಚಿನ ಭಾನುವಾರ ಕಂಟೋನ್ಮೆಂಟಿನ ನಮ್ಮ ಚರ್ಚಿನಲ್ಲಿ ಪಾದ್ರಿಗಳು ಇದ್ದುದರಲ್ಲಿ ತೃಪ್ತಿಪಡುವ ಬಗ್ಗೆಯೇ ಬೋಧಿಸಬೇಕೇ! ಅವರಿರುವುದು ದೊಡ್ಡ ಕಾಂಪೌಂಡಿನ ಬಂಗಲೆಯಲ್ಲಿ. ಇವರಿಗೇನು, ಹೇಳುತ್ತಾರೆ ಎಂದು ಗಾಯನ ಮಂಡಳಿಯ ಬೆಂಚಿನಲ್ಲಿ ಕೂತೇ ಸಿಡಿಮಿಡಿಗೊಂಡೆ. ಬೈಬಲಿನ ಹತ್ತು ಆಜ್ಞೆಗಳಲ್ಲಿ ಕೊನೆಯದು ಬೇರೆಯವರದ್ದಕ್ಕೆ ಆಸೆಪಡುವುದರ ಬಗ್ಗೆ ಎಂದು ಸಂಡೇ ಸ್ಕೂಲಿನಲ್ಲಿ ಕಲಿಸುತ್ತಿದ್ದವನೇ ನಾನು. ಕ್ವಾರ್ಟರ್ಸ್ ಕಾರ್ಖಾನೆಯದು, ಬಸವರಾಜನದೇನಲ್ಲವಲ್ಲ ಎಂದು ಒಳಗೊಳಗೇ ವಾದ ಹೂಡಿದೆ.

ಸೋಮವಾರ ಮೂಲೆ ಮನೆಯ ತಪಾಸಣೆಗೆ ಹೋದೆ. ಖಾಲಿ ಮಾಡುವ ಮೊದಲು ಫ್ಯಾನು, ನಲ್ಲಿ, ಗಾಜು ಎಲ್ಲ ಸರಿಯಿದೆಯೇ ಎಂದು ನೋಡುವುದು ನಮ್ಮ ಕ್ರಮ. ನೋಡಿದ್ದಾಯಿತು. ಸರೋಜಮ್ಮ ಕಾಫಿ ತರಲು ಅಡುಗೆಮನೆಗೆ ಹೋದರು. ಆಗ ನನಗೇನಾಯಿತೋ, ಜೇಬಿನಿಂದ ಟೇಪು ತೆಗೆದು ಕಿಟಕಿ ಅಳೆದು ಚೀಟಿಯಲ್ಲಿ ಬರೆದುಕೊಳ್ಳತೊಡಗಿದೆ. ಏನಾಯಿತೋ ಎನ್ನುವುದೂ ಸುಳ್ಳೇ. ಟೇಪನ್ನು ಮನೆಯಿಂದಲೇ ತಂದಿದ್ದೆ. ಮೂರನೇ ಕಿಟಕಿ ಮುಗಿಯುವಾಗ ಬೆನ್ನ ಹಿಂದೆ ಲೋಟದ ಸದ್ದಾಯಿತು.

“ನೀವೂನಾ ಸಾರ್?”

ಅಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು. ಕಾಫಿಯನ್ನು ಕೈಗೆ ಕೊಟ್ಟರು. ಅದನ್ನು ಅವರೆದುರೇ ನಿಂತು ಕುಡಿಯಬೇಕಾಯಿತು.

ನಮ್ಮ ಮನೆಯ ಸಂಜೆ ಪ್ರಾರ್ಥನೆಗೆ ಒಂದು ಕಟ್ಟಳೆ: ದೇವರನ್ನು ಏನಾದರೂ ಕೇಳುವ ಮೊದಲು, ಇರುವ ಒಂದಕ್ಕಾದರೂ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳಬೇಕು. ನನ್ನ ಹೆಂಡತಿ ಕರುಣಾಳ ಪಟ್ಟಿ ಮುಗಿಯುವುದೇ ಇಲ್ಲ. ಅಂದು ಮೆಟ್ಟಿಲಿಗೂ ಸ್ತೋತ್ರ ಹೇಳಿದಳು. ನನಗೆ ರೇಗಿಹೋಯಿತು.

“ಮೆಟ್ಲಿಗ್ಯಾಕೆ ಸ್ತೋತ್ರ? ಎರಡು ಮಹಡಿ ಹತ್ತಿ ಹತ್ತಿ ಸಾಯ್ತಿದೀವಿ.”

“ಹತ್ತೋಕೆ ಆಗ್ತಿದೆಯಲ್ಲಾ ರೀ.”

ಬಸವರಾಜನ ತಾಯಿಯ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ.

ನನ್ನ ಸರದಿ ಬಂತು. ಮೂಲೆ ಮನೆ ಕೊಡು ಎನ್ನುವ ಮಾತು ತುದಿನಾಲಿಗೆಯಲ್ಲಿತ್ತು. ಅದಕ್ಕೆ ಮೊದಲು ಹೇಳಬೇಕಾದ ಒಂದು ಸ್ತೋತ್ರ ಬಾಯಿಗೆ ಬರಲಿಲ್ಲ. ಹನ್ನೊಂದು ವರ್ಷ ಬಾಳಿದ ಮನೆಯಲ್ಲಿ, ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು, ನನಗೆ ಒಂದೂ ಹೊಳೆಯಲಿಲ್ಲ. ನಿಜವಾಗಿಯೂ ಹೆದರಿಕೆಯಾಯಿತು. “ಕರ್ತನೇ, ಆ ಮನೆ ಮೇಲಿಂದ ನನ್ನ ಕಣ್ಣು ತೆಗೆದುಬಿಡು. ನನ್ನ ಕೈಲಿ ಆಗ್ತಿಲ್ಲ” ಎಂದೆ. ಕರುಣಾ ಕಣ್ಣು ತೆರೆದು ನೋಡಿದಳು. ಸೀಲಿನದು, ಟೇಪಿನದು, ಎಲ್ಲ ಹೇಳಿಬಿಟ್ಟೆ.

“ನಾಳೆ ಫೋನ್ ಮಾಡ್ಬೇಡಿ. ನೀವೇ ಹೋಗಿ,” ಎಂದಳು.

ಹೋದೆ. ಒಳ್ಳೆಯ ಕೆಲಸಕ್ಕೆ ಹೊರಟರೆ ದಾರಿ ಸುಗಮವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಸವರಾಜನ ಸೆಕ್ಷನ್ ಮುಖ್ಯಸ್ಥರು ಮೀಟಿಂಗಿನಲ್ಲಿದ್ದರು, ಸೀಲ್ ಬೀರುವಿನಲ್ಲಿತ್ತು, ಬೀರುವಿನ ಕೀ ರಜೆ ಹಾಕಿದ್ದ ಗುಮಾಸ್ತನ ಹತ್ತಿರ ಇತ್ತು. ಗುರುವಾರ ಸೀಲ್ ಸಿಕ್ಕಿತು, ಇಂಕ್ ಪ್ಯಾಡ್ ಒಣಗಿ ಕೂತಿತ್ತು. ಇದು ನಿನ್ನದೇ ಕೆಲಸ ತಾನೇ ದೇವರೇ ಎಂದು ಗೊಣಗುತ್ತಾ ನಮ್ಮ ಆಫೀಸಿನ ಪ್ಯಾಡ್ ತರಲು ಬಿಸಿಲಲ್ಲಿ ಹೋಗಿ ಬಂದೆ. ಶುಕ್ರವಾರ ಸಂಜೆ ಪಟ್ಟಿಯನ್ನು ಸಾಹೇಬರ ಮುಂದಿಟ್ಟೆ: ಮೊದಲು ಬಸವರಾಜ, ನಂತರ ನಾನು. ನಾನು ಸುಮ್ಮನಿದ್ದ ವಿಷಯವನ್ನೂ ಹೇಳಿದೆ. “ಕೊನೆಗೆ ಸೀಲ್ ಹಾಕ್ಸಿದ್ರಲ್ಲ, ಬಿಡಿ” ಎಂದು ಅವರು ಸಹಿ ಮಾಡಿದರು.

ಕೀ ಕೊಡುವ ದಿನ ಬಸವರಾಜ ಆಟೋದಲ್ಲಿ ತಾಯಿಯನ್ನೂ ಕರೆತಂದಿದ್ದ. ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಹೊತ್ತು ಇಳಿಸಿದರಂತೆ. ಆಕೆ ಜಗಲಿಯ ಮೇಲೆ ಕೂತು ಪಾದಗಳನ್ನು ಅಂಗಳಕ್ಕೆ ಊರಿದರು. “ಮಣ್ಣು ಬೆಚ್ಚಗೈತಲ್ಲೋ,” ಎಂದು ಮಗನಿಗೆ ಹೇಳಿದರು. ಅಷ್ಟಾದರೂ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಲೇ ಇತ್ತು, ಸುಳ್ಳೇಕೆ ಹೇಳಲಿ.

ಬಸವರಾಜ ಒಳಗೆಲ್ಲ ನೋಡಿಕೊಂಡು ಬಂದ. “ಸರ್, ಪರದೆ ಹೊಲಿಸಬೇಕ್ರಿ. ಕಿಟಕಿ ಅಳತಿ ಆಫೀಸ್‌ನ್ಯಾಗ ಇರ್ತೈತೇನ್ರಿ?”

ಪರ್ಸಿನಿಂದ ಚೀಟಿ ತೆಗೆದು ಕೊಟ್ಟೆ. “ಮೂರು ಕಿಟಕಿದು ಇದೆ. ನಾಲ್ಕನೇದು ಇಲ್ಲ.”

“ಯಾವಾಗ ತಗೊಂಡ್ರಿ ಸರ್?”

“ಈ ಮನೆ ನನಗೇ ಬೇಕು ಅಂತ ಇದ್ದಾಗ.”

ಅವನು ಚೀಟಿಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ತನ್ನ ಟೇಪು ತೆಗೆದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟ. ನಾಲ್ಕನೇ ಕಿಟಕಿಯನ್ನು ಇಬ್ಬರೂ ಸೇರಿ ಅಳೆದೆವು.

ನಿವೃತ್ತನಾಗುವವರೆಗೂ ನಾವು ಎರಡನೇ ಮಹಡಿಯಲ್ಲೇ ಇದ್ದೆವು. ನಿಯಮ ಮೀರದೆಯೂ ಇನ್ನೊಬ್ಬರದನ್ನು ಕಸಿದುಕೊಳ್ಳಬಹುದು, ಫೋನ್ ಎತ್ತದಿದ್ದರೆ ಸಾಕು ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ತೃಪ್ತಿಯೂ ಒಂದೇ ಸಲಕ್ಕೆ ಸಿಕ್ಕುಬಿಡುವುದಿಲ್ಲ. ದಿನಾ ಸಂಜೆ ಕೂತು ಕೇಳಬೇಕು. ಕೀ ಕೊಟ್ಟು ಬಂದ ದಿನ ಪ್ರಾರ್ಥನೆಯಲ್ಲಿ ನನ್ನ ಸರದಿ ಬಂದಾಗ ನಾನು ಮೆಟ್ಟಿಲಿಗೆ ಸ್ತೋತ್ರ ಹೇಳಿದೆ. ಗೊಣಗುತ್ತಲೇ ಹೇಳಿದೆ, ಆದರೆ ಹೇಳಿದೆ.