ಗಾಜು ಏರಿಸಿದ ಗಾಡಿ

ಕೊಟ್ರೇಶನಿಗೆ ಮೊದಲ ಏಟು ಬಿದ್ದದ್ದು ಮಾರ್ಚ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಮಕ್ತಲದ ರಾಯಚೂರು ರಸ್ತೆಯಲ್ಲಿರುವ ಅವನದೇ ಗಾಡಿ ಏಸಿ ಅಂಗಡಿಯ ಮುಂದೆ. ಹೊಡೆದವನು ಸಿದ್ದರಾಮೇಶ. ಅಂಗೈ ಬಿಚ್ಚಿ ಎಡಗೆನ್ನೆಗೆ ಬಾರಿಸಿದ. ಎದುರಿನ ಚಹದಂಗಡಿಯ ಎಂಕಮ್ಮ ಲೋಟ ತೊಳೆಯುವುದನ್ನು ಬಿಟ್ಟು ನೋಡಿದಳು. ಗ್ಯಾಸಿನ ಒತ್ತಡ ಅಳೆಯುವ ಗೇಜಿನ ಪೈಪು ಕೊಟ್ರೇಶನ ಕೈಯಿಂದ ಜಾರಿ ಎಣ್ಣೆ ಮಣ್ಣಿನಲ್ಲಿ ಬಿತ್ತು.

“ಮೂರು ಸಲ ಗ್ಯಾಸ್ ತುಂಬಿದಿ, ಮೂರು ಸಲಾನೂ ಹೋತು. ಇದೇನು ಗಾಡಿ ಏನ್ಲೇ, ತೂತು ಬಿದ್ದ ಕೊಡ ಏನು?”

“ಸಾವ್ಕಾರ್ರ, ಇನ್ನೊಂದು ಸಲ ನೋಡ್ತೀನ್ರಿ.”

“ನೋಡ್ತಿಯೋ, ಇಲ್ಲಾ ಅಂಗಡಿ ಎತ್ತಿ ರಾಯಚೂರಿಗೆ ವಾಪಸ್ ಹೋಗ್ತಿಯೋ?”

ಕೊಟ್ರೇಶ ಹನ್ನೊಂದು ವರ್ಷ ರಾಯಚೂರಿನ ಗ್ಯಾರೇಜುಗಳಲ್ಲಿ ಗಾಡಿಗಳ ಏಸಿ ಕೆಲಸ ಮಾಡಿದವನು. ತೆಲಂಗಾಣ ಬೇರೆ ರಾಜ್ಯ ಆದ ಮರುವರ್ಷ ಊರಿಗೆ ಮರಳಿ ಈ ಅಂಗಡಿ ಹಾಕಿದ. ಕೊಟ್ರೇಶ ಮುಟ್ಟಿದ ಗಾಡಿ ಬೇಸಿಗೆ ದಾಟುತ್ತದೆ ಎಂದು ನಾರಾಯಣಪೇಟೆಯವರೆಗೂ ಹೇಳುತ್ತಿದ್ದರು. ಅವನಿಗಿದ್ದ ಆಸ್ತಿ ಆ ಮಾತೊಂದೇ. ಈಗ ಒಂದು ಬಿಳಿ ಪಿಕಪ್ಪು ಅದನ್ನು ತಿನ್ನುತ್ತಿತ್ತು.

ಪಿಕಪ್ಪು ಟಿಎಸ್ ನಂಬರಿನ ಹೊಸ ಗಾಡಿ, ನಾಲ್ಕು ಬಾಗಿಲಿನದು, ಹಿಂದೆ ಮೂಟೆ ಹೇರುವ ತೊಟ್ಟಿ. ಸಿದ್ದರಾಮೇಶ ಹತ್ತಿ ಬೀಜದ ಆರ್ಗನೈಸರ್. ಗದ್ವಾಲ, ಮಲ್ದಕಲ್, ಉಂಡವಳ್ಳಿ ಕಡೆಯ ರೈತರು ಕಂಪನಿಗಳಿಗಾಗಿ ಬೀಜದ ಹತ್ತಿ ಬೆಳೆಯುತ್ತಾರೆ. ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಕಂಪನಿ ಮತ್ತು ರೈತರ ನಡುವೆ ನಿಂತು ಬಿತ್ತನೆ ಕೊಡುವವನು, ಬೆಳೆದ ಬೀಜ ಎತ್ತುವವನು ಆರ್ಗನೈಸರ್. ಬೀಜ ಅವನಿಗೇ ಕೊಡಬೇಕು. ಯಾರಾದರೂ ಎರಡು ಚೀಲ ಬೇರೆಯವರಿಗೆ ಮಾರಿದನೆಂದು ಗುಮಾನಿ ಬಂದರೆ ಸಿದ್ದರಾಮೇಶನ ಲೆಕ್ಕದಲ್ಲಿ ಅದು ಕಳವು. ಆ ವರ್ಷ ತೂಕ ಕಡಿಮೆ ಬಂದಿತ್ತು. ಗುಮಾನಿ ಹೆಚ್ಚಿತ್ತು.

ಕೊಟ್ರೇಶ ಗಾಡಿಯನ್ನು ಎರಡು ದಿನ ಇಟ್ಟುಕೊಂಡ. ನೈಟ್ರೋಜನ್ ತುಂಬಿ ಒಂದೊಂದು ಜಾಯಿಂಟಿಗೂ ಸೋಪಿನ ನೀರು ಹಚ್ಚಿದ. ಸೋರಿಕೆಯ ನೊರೆ ಎಲ್ಲೂ ಏಳಲಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿ ಕೂಲಿಂಗ್ ಕಾಯಿಲ್ ನೋಡಿದ, ಮುಂದಿನ ಜಾಲರಿ ತೊಳೆದ, ಕಂಪ್ರೆಸರಿನ ಸೀಲು ಬದಲಿಸಿದ. ಕೊನೆಗೆ ಗ್ಯಾಸ್ ತುಂಬುವ ಬಾಯಿಯಲ್ಲಿರುವ ಪಿನ್ನು, ಸೈಕಲ್ ಟ್ಯೂಬಿನಲ್ಲಿರುತ್ತದಲ್ಲ ಅಂಥದ್ದು, ಅರ್ಧ ಸುತ್ತು ಸಡಿಲಾಗಿರುವುದು ಕಂಡಿತು. ಕೊಟ್ರೇಶನಿಗೆ ಕೆನ್ನೆಯ ಏಟಿಗಿಂತ ಇದೇ ಜಾಸ್ತಿ ಉರಿಯಿತು. ತನ್ನದೇ ಕೈ ತಪ್ಪಿದೆ ಎಂದುಕೊಂಡ. ಪಿನ್ನು ಬಿಗಿದ, ಹೆಂಡತಿ ಶಿವಗಂಗಾಳ ಉಗುರು ಬಣ್ಣ ತಂದು ಪಿನ್ನಿನಿಂದ ಬಾಯಿಯ ಅಂಚಿನವರೆಗೆ ಒಂದು ಕೆಂಪು ಗೀಟು ಎಳೆದ.

ಆರನೇ ದಿನ ಗಾಡಿ ತಿರುಗಿ ಬಂತು. ಈ ಸಲ ಸಿದ್ದರಾಮೇಶ ಇಳಿದವನೇ ಕೊಟ್ರೇಶನ ಕುತ್ತಿಗೆ ಹಿಡಿದು ಕುದಿಯುತ್ತಿದ್ದ ಬಾನೆಟ್ಟಿಗೆ ಮುಖ ಒತ್ತಿದ. “ನನಗ ಎಷ್ಟು ಶೆಕೆ ಆಗೇತಿ ಗೊತ್ತಾತೇನು?” ಎಂದು ಕೇಳಿ, ಚಹ ಕುಡಿಯಲು ಎಂಕಮ್ಮನ ಅಂಗಡಿಗೆ ಹೋದ. ಕೊಟ್ರೇಶನ ಕೆನ್ನೆ ರೂಪಾಯಿಯಗಲ ಬೆಂದಿತ್ತು.

ಬಾನೆಟ್ ಎತ್ತಿದಾಗ ಕೆಂಪು ಗೀಟು ಎರಡು ತುಂಡಾಗಿತ್ತು. ಪಿನ್ನಿನ ಮೇಲಿನ ತುಂಡು ಅರ್ಧ ಸುತ್ತು ಆಚೆ ಸರಿದಿತ್ತು. ಬಾನೆಟ್ಟಿನ ಆ ಕಡೆ ಗಾಡಿಯ ಡ್ರೈವರ್ ಅಂಜಯ್ಯ ನಿಂತಿದ್ದ. ಕೊಟ್ರೇಶ ಅವನ ಮುಖ ನೋಡಿದ. ಅಂಜಯ್ಯ ನೆಲ ನೋಡಿದ.

ಮರುದಿನ ಅಂಜಯ್ಯನೊಬ್ಬನೇ ಗಾಡಿ ಒಯ್ಯಲು ಬಂದ. ಕೊಟ್ರೇಶ ಅವನನ್ನು ಅಂಗಡಿಯೊಳಕ್ಕೆ ಎಳೆದು ಗೋಡೆಗೆ ಒತ್ತಿ ಎರಡು ಬಿಗಿದ. ತುಟಿ ಒಡೆಯಿತು. ಅಂಗಿಯ ಜೇಬಿನಿಂದ ಟೈರಿನ ಪಿನ್ನು ತಿರುಗಿಸುವ ಸಣ್ಣ ಕೀಲಿ ಉರುಳಿ ಬಿತ್ತು.

“ನಿನ್ನ ಸಲುವಾಗಿ ನಾನು ಒದೆ ತಿನ್ನಾಕ ಹತ್ತೀನಿ. ಯಾಕಲೇ? ನಾನೇನು ಮಾಡಿದ್ದೆ ನಿನಗ?”

“ನೀನೇನೂ ಮಾಡಿಲ್ಲನ್ನಾ.” ಅಂಜಯ್ಯ ರಕ್ತ ಉಗುಳಿದ. “ಏಸಿ ನಡದ್ರ ಗಾಜು ಏರಸ್ತಾನ. ಗಾಜು ಏರಿದ್ರ ಗುಮಾನಿ ಬಂದ ರೈತನ್ನ ಒಳಗ ಹಾಕ್ಕೊಂಡು ಹೊಡೀತಾನ. ಗೋದಾಮಿನ್ಯಾಗ ಹಮಾಲರು ಅದಾರ, ಎದುರಿಗಿ ಸಾಲಿ ಐತಿ, ಅಲ್ಲಿ ಮುಟ್ಟಂಗಿಲ್ಲ. ದಾರಿ ಮ್ಯಾಲೆ ಹಾಡು ದೊಡ್ಡದು ಮಾಡಿ ಹೊಡೀತಾನ. ಹಿಂದಿನ ಬಾಗಿಲು ಒಳಗಿಂದ ತೆಗೆಯಾಕ ಬರಂಗಿಲ್ಲ. ನಾನು ಸ್ಟೇರಿಂಗ್ ಹಿಡಕೊಂಡು ಕುಂದರಬೇಕು. ಏಸಿ ಇಲ್ಲಂದ್ರ ಗಾಜು ಇಳಸಲೇಬೇಕು, ನಲವತ್ಮೂರು ಡಿಗ್ರಿ ಅಲ್ಲನ್ನಾ? ಇಳಸಿದ್ರ ಬರೇ ಬೈತಾನ. ಹೊಡಿಯಂಗಿಲ್ಲ.”

“ಬಿಟ್ಟು ಬಾ ಕೆಲಸ.”

“ನಾ ಬಿಟ್ರ ಇನ್ನೊಬ್ಬ ಬರ್ತಾನ. ಅವ ಪಿನ್ನು ಸಡಿಲ ಮಾಡಂಗಿಲ್ಲ.”

ಕೊಟ್ರೇಶ ಕೇಳಿಸಿಕೊಂಡ. ನಂಬಿದ ಕೂಡ. ಆದರೆ ಬೆಂದ ಕೆನ್ನೆ ಚುರುಗುಡುತ್ತಿತ್ತು. ಮುಂಜಾನೆಯಷ್ಟೇ ನಾರಾಯಣಪೇಟೆಯ ಒಂದು ಜೀಪು ಅವನ ಅಂಗಡಿ ದಾಟಿ ಇನ್ನೊಬ್ಬ ಮೆಕ್ಯಾನಿಕನ ಬಳಿ ಹೋಗಿ ನಿಂತಿತ್ತು.

“ಅದು ನಿನಗ ನಿನ್ನ ಸಾವ್ಕಾರಗ ಬಿಟ್ಟಿದ್ದು,” ಎಂದ. “ನನ್ನ ಹೆಸರು ಕೆಡಬಾರದು.”

ಪಿನ್ನು ಬಿಗಿದ. ಗ್ಯಾಸ್ ತುಂಬಿ, ಎರಡು ಟ್ಯೂಬಿನ ಅಂಟು ಕಲಸಿ ಬಾಯಿಯ ಮುಚ್ಚಳದ ಸುತ್ತ ದಪ್ಪಗೆ ಮೆತ್ತಿದ. ಒಣಗಿದ ಮೇಲೆ ಅದು ಕಲ್ಲು, ಇನ್ನು ಯಾವ ಕೀಲಿಯೂ ಒಳಗೆ ಇಳಿಯದು. ಅಂಜಯ್ಯ ನಿಂತು ನೋಡಿದ. ಕೀಲಿ ಎತ್ತಿಕೊಂಡು ಗಾಡಿ ಹೊಡೆದುಕೊಂಡು ಹೋದ. ಅಂದು ಗುರುವಾರ.

ಸೋಮವಾರ ಸಿದ್ದರಾಮೇಶ ನಗುತ್ತ ಬಂದ. “ನಾಕು ದಿನ ಆತು, ಫ್ರಿಜ್ ಇದ್ದಂಗ ಐತಿ ನೋಡಪಾ. ಹತ್ತು, ಮಲ್ದಕಲ್ಲಿಗೆ ಹೋಗಿ ಬರೂಣು. ದಾರಿಯಾಗ ನಿಂತ್ರ ಅಲ್ಲೇ ಮಾಡ್ತಿ, ನಿಲ್ಲಲಿಲ್ಲ ಅಂದ್ರ ಊರಿಗೆಲ್ಲಾ ನಾನೇ ಹೇಳ್ತೀನಿ, ಕೊಟ್ರೇಶಪ್ಪ ಗಟ್ಟಿ ಕೆಲಸಗಾರ ಅಂತ.”

ಒಲ್ಲೆನೆನ್ನುವ ಧೈರ್ಯ ಕೊಟ್ರೇಶನಿಗಿರಲಿಲ್ಲ. ಕೊನೆಯ ಮಾತಿನ ಆಸೆಯೂ ಇತ್ತು. ಸಾಮಾನಿನ ಚೀಲ ಕಾಲ ಬಳಿ ಇಟ್ಟುಕೊಂಡು ಅಂಜಯ್ಯನ ಪಕ್ಕ ಮುಂದೆ ಕೂತ, ಸಿದ್ದರಾಮೇಶ ಹಿಂದೆ. ಜುರಾಲಾ ಅಣೆಕಟ್ಟು ದಾಟಿ, ಗದ್ವಾಲ ದಾಟಿ, ಹತ್ತೂವರೆಗೆ ಮಲ್ದಕಲ್ ಮುಟ್ಟಿದರು. ಎಲ್ಲಪ್ಪನೆಂಬ ರೈತ ಮನೆ ಮುಂದೆ ಎಮ್ಮೆಗೆ ನೀರು ಕುಡಿಸುತ್ತಿದ್ದ. ಐವತ್ತು ದಾಟಿದ, ಒಣಕಲು ಮನುಷ್ಯ.

“ಬಾ ಎಲ್ಲಪ್ಪ, ನಾರಾಯಣಪೇಟಿ ಗೋದಾಮಿನ್ಯಾಗ ನಿನ್ನ ಬೀಜ ನಿನ್ನ ಕಣ್ಮುಂದೇ ತೂಕ ಮಾಡಸ್ತೀನಿ.”

“ಬಂದೆನ್ರಿ,” ಎಂದು ಎಲ್ಲಪ್ಪ ಕೈ ಒರೆಸಿಕೊಂಡು ತಾನಾಗಿಯೇ ಸಿದ್ದರಾಮೇಶನ ಪಕ್ಕ ಹತ್ತಿದ. ಒಳಗಿನ ತಂಪಿಗೆ, “ಏನ್ ಗಾಳಿರಿ ಇದು, ಮಾಘಮಾಸ ಇದ್ದಂಗ,” ಎಂದು ನಕ್ಕ.

ಗದ್ವಾಲದ ಹೊರಗೆ ಬಂದ ಮೇಲೆ ಸಿದ್ದರಾಮೇಶ ಹಾಡಿನ ಸದ್ದು ಏರಿಸಲು ಹೇಳಿದ. ಸೀಟಿನ ಕೆಳಗಿನಿಂದ ಜಾಕಿನ ರಾಡು ಎಳೆದುಕೊಂಡ.

“ಎಷ್ಟು ಚೀಲ ಮಾರಿದಿ?”

“ನನ್ನ ಮಕ್ಕಳ ಆಣಿ ಸಾವ್ಕಾರ್ರ, ಒಂದು ಕಾಳು—”

ಮೊದಲ ಏಟು ಮೊಣಕಾಲಿಗೆ. ಎರಡನೆಯದು ಎದೆಗೂಡಿಗೆ. ಮೂಳೆಯ ಸದ್ದು ಹಾಡಿನ ನಡುವೆಯೂ ಕೊಟ್ರೇಶನಿಗೆ ಕೇಳಿಸಿತು. ಗಾಡಿ ಅಲುಗಿದಾಗ ರಾಡು ಗುರಿ ತಪ್ಪಿ ಕಿವಿಗೆ ಬಿತ್ತು. ಎಲ್ಲಪ್ಪ ಅವ್ವನನ್ನು ಕರೆದ, ಆಮೇಲೆ ತೆಲುಗಿನಲ್ಲಿ ಕರೆದ, ಆಮೇಲೆ ಬರೀ ಅರಚಿದ. ಬಾಗಿಲಿನ ಹಿಡಿ ಎಳೆದೆಳೆದು ಅದು ಕಿತ್ತು ಕೈಗೆ ಬಂತು.

ಕೊಟ್ರೇಶ ಬೆಳಿಗ್ಗೆ ಹೊರಡುವಾಗ ಅಭ್ಯಾಸದಂತೆ ಎದುರಿನ ಗಾಳಿಕಿಂಡಿಯಲ್ಲಿ ಸಣ್ಣ ಥರ್ಮಾಮೀಟರು ಸಿಕ್ಕಿಸಿದ್ದ. ಅದು ಆರು ಡಿಗ್ರಿ ತೋರಿಸುತ್ತಿತ್ತು. ಅಷ್ಟು ಚೆನ್ನಾಗಿ ಅವನು ಯಾವ ಗಾಡಿಯನ್ನೂ ಮಾಡಿರಲಿಲ್ಲ. ಅವನ ಕುತ್ತಿಗೆಯ ಹಿಂಬದಿಗೆ ಬೆಚ್ಚನೆಯ ಹನಿ ಸಿಡಿಯಿತು. ಒರೆಸಿಕೊಳ್ಳಲಿಲ್ಲ. ಅಂಜಯ್ಯ ಒಮ್ಮೆ ಅವನತ್ತ ತಿರುಗಿದ, ಮತ್ತೆ ರಸ್ತೆ ನೋಡಿದ. ಜುರಾಲಾದ ಬಳಿ ರಸ್ತೆಬದಿ ಮೀನು ಕರಿಯುವ ಹೆಂಗಸೊಬ್ಬಳು ಎಣ್ಣೆಯ ಜಾಲರಿ ಸೌಟು ಹಿಡಿದು ಗಾಡಿಯತ್ತ ನೋಡಿದಳು. ಕಪ್ಪು ಗಾಜಿನಲ್ಲಿ ಅವಳಿಗೆ ತನ್ನ ಮುಖವೇ ಕಂಡಿರಬೇಕು, ಸೆರಗು ಸರಿಮಾಡಿಕೊಂಡಳು.

ಹೀಗೆ ನಲವತ್ತು ಕಿಲೋಮೀಟರು. ಅಷ್ಟು ದೂರ ತಾನು ಸುಮ್ಮನೆ ಕೂತಿದ್ದೆನೆಂಬುದನ್ನು ಕೊಟ್ರೇಶ ಆಮೇಲೆ ಯಾರ ಮುಂದೆಯೂ ಕಡಿಮೆ ಮಾಡಿ ಹೇಳಿದವನಲ್ಲ. “ಹೆದರಿದ್ದೆ,” ಎನ್ನುತ್ತಾನೆ, ಅಷ್ಟೇ.

ಮಕ್ತಲದಲ್ಲಿ ಕೊಟ್ರೇಶನ ಅಂಗಡಿಯ ಹತ್ತಿರ, ಹೆದ್ದಾರಿ ಕೂಡುವಲ್ಲಿ ಲಾರಿಗಳ ಸಾಲು ಅಡ್ಡ ನಿಂತಿತ್ತು. ಗಾಡಿ ನಿಂತಿತು. ಆಗ ಕೊಟ್ರೇಶನಿಗೆ ಗೊತ್ತಾದದ್ದು, ಹಿಂದಿನಿಂದ ಬರುತ್ತಿದ್ದ ಕೂಗು ನಿಂತುಹೋಗಿದೆ. ತಿರುಗಿದ. ಎಲ್ಲಪ್ಪನ ತಲೆ ಗಾಜಿಗೆ ಒರಗಿತ್ತು, ಬಾಯಿ ತೆರೆದಿತ್ತು. ಸಿದ್ದರಾಮೇಶ ಮತ್ತೆ ರಾಡು ಎತ್ತುತ್ತಿದ್ದ.

ಕೊಟ್ರೇಶ ಚೀಲದಿಂದ ನಟ್ಟು ಬಿಗಿಯುವ ದೊಡ್ಡ ಪಾನಾ ತೆಗೆದು ತನ್ನ ಬದಿಯ ಗಾಜಿಗೆ ಬಡಿದ. ಬಿರುಕೂ ಬಿಡಲಿಲ್ಲ. ಮತ್ತೆ ಬಡಿದ. ಮೂರನೆಯ ಏಟು ಮೂಲೆಗೆ ಬಿತ್ತು. ಇಡೀ ಗಾಜು ಕಲ್ಲುಸಕ್ಕರೆಯಂತೆ ತೊಡೆಯ ಮೇಲೆ ಸುರಿಯಿತು. ಬಿಸಿಲು, ಧೂಳು, ಲಾರಿಗಳ ಹಾರನ್ನು ಒಮ್ಮೆಗೇ ಒಳನುಗ್ಗಿದವು.

“ಎಂಕಮ್ಮಾ! ಕೊಲ್ಲಾಕ ಹತ್ಯಾನ! ಬರ್ರೀ ಯಾರರ!”

ಹಿಂದಿನಿಂದ ರಾಡು ಬೀಸಿ ಬಂದು ಅವನ ಬಲಗೈ ಮಣಿಕಟ್ಟಿಗೆ ಬಿತ್ತು. ಪಾನಾ ರಸ್ತೆಗೆ ಹಾರಿತು. ಎರಡನೆಯ ಏಟು ಭುಜಕ್ಕೆ. ಅಂಜಯ್ಯ ಗಾಡಿಯ ಕೀಲಿ ಕಿತ್ತುಕೊಂಡು ಕೆಳಗೆ ಜಿಗಿದು ಹಿಂದಿನ ಬಾಗಿಲನ್ನು ಹೊರಗಿನಿಂದ ತೆರೆದ. ಎಲ್ಲಪ್ಪ ಚೀಲದಂತೆ ಹೊರಕ್ಕೆ ಉರುಳಿದ. ಚಹದಂಗಡಿಯ ಜನ, ಲಾರಿಯವರು ಓಡಿ ಬಂದರು. ಎಂಕಮ್ಮ ಕುದಿಯುವ ಚಹದ ಪಾತ್ರೆಯನ್ನೇ ಹಿಡಿದು ಬಂದಿದ್ದಳು, ಸಿದ್ದರಾಮೇಶ ರಾಡು ಬಿಡದಿದ್ದಾಗ ಅದನ್ನು ಅವನ ತೋಳಿನ ಮೇಲೆ ಹೊಯ್ದಳು. ಆಮೇಲೆ ಜನ ಅವನನ್ನು ಬಿಡಲಿಲ್ಲ. ಪೊಲೀಸರು ಬರುವಷ್ಟರಲ್ಲಿ ಅವನ ಮೂಗು ಮುರಿದು, ಎರಡು ಹಲ್ಲು ಹೋಗಿದ್ದವು.

ಎಲ್ಲಪ್ಪ ಬದುಕಿದ. ಮೂರು ಪಕ್ಕೆಲುಬು ಮುರಿದಿದ್ದವು, ಒಂದು ಕಿವಿ ಪೂರ್ತಿ ಹೋಯಿತು. ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಕೊಟ್ರೇಶ ಅವನ ಒಳ್ಳೆಯ ಕಿವಿಯ ಕಡೆ ಕೂತು ಪಿನ್ನಿನ ಕಥೆ, ಅಂಟಿನ ಕಥೆ ಎಲ್ಲ ಹೇಳಿದ. ಎಲ್ಲಪ್ಪ ಅವನತ್ತ ತಲೆ ತಿರುಗಿಸಿದ.

“ಗೊತ್ತಿದ್ದೇ ಮಾಡಿದಿ?”

“ಗೊತ್ತಿದ್ದೇ ಮಾಡಿದೆನ್ರಿ.”

“ಗುರುವಾರದಿಂದ ಸೋಮವಾರದ ಒಳಗ ಮತ್ತ ಯಾರರ ಆ ಗಾಡಿ ಹತ್ತಿದ್ರೇನು?”

ಕೊಟ್ರೇಶನಿಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಂಜಯ್ಯ ಹೇಳಿದ: “ಒಬ್ಬ. ಶನಿವಾರ. ಉಂಡವಳ್ಳಿ ಜಂಬಪ್ಪ.”

ಮರುದಿನ ಯಾರೋ ಕೊಟ್ರೇಶನ ಅಂಗಡಿಯ ಬೀಗ ಮುರಿದು ಗೇಜು, ಪೈಪು, ಮಷೀನು ಎಲ್ಲ ಕೊಡಲಿಯಿಂದ ಕಡಿದು ಹೋದರು. ಸಿದ್ದರಾಮೇಶನ ಕಡೆಯವರು ದಾರಿಯ ಮೇಲೆ ಆದದ್ದು ಬರೀ ಜಗಳ, ರೈತನೇ ಮೊದಲು ಕೈ ಮಾಡಿದ ಎಂದು ಠಾಣೆಯಲ್ಲಿ ಬರೆಸಿದ್ದರು. ಠಾಣೆಯ ಹಿರಿಯ ಪೇದೆ ಕೊಟ್ರೇಶನನ್ನು ಪಕ್ಕಕ್ಕೆ ಕರೆದು, “ಒಬ್ಬನ ದೂರು ಆದ್ರ ಜಗಳ ಅಂತ ಬಿಡಿಸ್ಕೊಂಡು ಹೋಗ್ತಾರ. ಒದೆ ತಿಂದ ಇನ್ನೊಬ್ಬ ಬಂದ್ರ ಮಾತು ಬ್ಯಾರೆ,” ಎಂದ.

“ಉಂಡವಳ್ಳಿಗೆ ಹೋಗಬ್ಯಾಡ್ರಿ,” ಎಂದಳು ಶಿವಗಂಗಾ. “ಜಂಬಪ್ಪ ನಿಮ್ಮನ್ನ ಕಡದೇ ಬಿಡ್ತಾನ.”

“ಕಡದ್ರ ಕಡೀಲಿ. ಆದ್ರ ನಾನೇ ಹೇಳಬೇಕು.”

ಉಂಡವಳ್ಳಿಯಲ್ಲಿ ಜಂಬಪ್ಪ ಕಟ್ಟೆಯ ಮೇಲೆ ಕೂತಿದ್ದ. ದವಡೆಯನ್ನು ಬಟ್ಟೆಯಿಂದ ತಲೆಗೆ ಸೇರಿಸಿ ಕಟ್ಟಿದ್ದರು. ಎಡ ತೋಳು ಎತ್ತಲಾಗುತ್ತಿರಲಿಲ್ಲ. ಅವನ ಬದಲು ಹೆಂಡತಿ ಮೊಗುಲಮ್ಮ ಮಾತಾಡಿದಳು.

“ಮೋಟರ್ ಸೈಕಲ್ ಮ್ಯಾಲಿಂದ ಬಿದ್ದಾನ. ನೀ ಯಾರು?”

“ಆ ಗಾಡಿ ಏಸಿ ಮಾಡಿದವ ನಾನೇ ಅವ್ವಾ.”

ನಿಂತುಕೊಂಡೇ ಎಲ್ಲ ಹೇಳಿದ. ಹೇಳಿ ಮುಗಿಯುವ ಮುನ್ನ ಜಂಬಪ್ಪ ಎದ್ದ, ಗೋಡೆಗೆ ಆನಿಸಿದ್ದ ಬಡಿಗೆಯನ್ನು ಬಲಗೈಲಿ ತೆಗೆದುಕೊಂಡು ಕೊಟ್ರೇಶನ ಪ್ಲಾಸ್ಟರಿನ ಮೇಲೇ ಹೊಡೆದ. ಪ್ಲಾಸ್ಟರು ಸೀಳಿತು. ಕೊಟ್ರೇಶ ಮೊಣಕಾಲೂರಿದ, ಕಣ್ಣು ಕತ್ತಲೆಗಟ್ಟಿತು, ಆದರೂ ಕೈ ಅಡ್ಡ ಹಿಡಿಯಲಿಲ್ಲ. ಮೊಗುಲಮ್ಮ ತಡೆಯಲಿಲ್ಲ. ಎರಡನೆಯ ಸಲ ಬಡಿಗೆ ಎತ್ತಿದ ಜಂಬಪ್ಪನಿಗೆ ತನ್ನದೇ ತೋಳು ನೋವು ಕೊಟ್ಟಿತೋ ಏನೋ, ಹಲ್ಲು ಕಚ್ಚಲೂ ಆಗದೆ ಗಂಟಲಲ್ಲಿ ನರಳಿ ಕಟ್ಟೆಯ ಮೇಲೆ ಕುಸಿದ.

“ಗದ್ವಾಲ ಮ್ಯಾಲಿಂದ ಮಕ್ತಲ ಠಾಣೇಕ ಬರ್ರಿ,” ಎಂದ ಕೊಟ್ರೇಶ, ನೆಲದ ಮೇಲಿಂದಲೇ. “ನನ್ನ ಹೆಸರೂ ಬರಸ್ರಿ. ಗೊತ್ತಿದ್ದು ಮಾಡ್ಯಾನ ಅಂತ ಬರಸ್ರಿ. ನಾ ಅಲ್ಲೇ ನಿಂತು ಹೌದು ಅಂತೀನಿ.”

ಮೊಗುಲಮ್ಮ ಗಂಡನತ್ತ ನೋಡಿದಳು. ಜಂಬಪ್ಪ ಬಡಿಗೆಯನ್ನು ಕೆಳಗೆ ಬಿಟ್ಟು, ಒಳಗಿನ ಗೂಟದ ಕಡೆ ಕೈ ತೋರಿಸಿದ. ಅವಳು ಅಂಗಿ ತಂದು, ಎತ್ತಲಾರದ ತೋಳನ್ನು ಮೆಲ್ಲಗೆ ಅದರೊಳಗೆ ಸೇರಿಸಿ, ಒಂದೊಂದೇ ಗುಂಡಿ ಹಾಕತೊಡಗಿದಳು.

“ಗದ್ವಾಲ ಬಸ್ಸು ಎಷ್ಟೊತ್ತಿಗೈತಿ?” ಎಂದು ಕೇಳಿದಳು.