ಎಡಚನ ವಾಚು

ನನ್ನ ಅಣ್ಣನನ್ನು ಬಂದರಿನಲ್ಲಿ ಎಲ್ಲರೂ ಎಡಚ ಅಂತಲೇ ಕರೆಯುವುದು. ನೀರಿಗಿಳಿಯುವುದು ಅವನ ಕೆಲಸವಾಗಿತ್ತು. ಹಡಗಿನ ತಳಕ್ಕೆ ಅಂಟಿದ ಚಿಪ್ಪು ಕೆರೆಯುವುದು, ಯಂತ್ರದ ರೆಕ್ಕೆಗೆ ಸುತ್ತಿಕೊಂಡ ಬಲೆ ಕತ್ತರಿಸುವುದು, ಮುಳುಗಿಹೋದ ದೋಣಿಗೆ ಸರಪಳಿ ಕಟ್ಟಿ ಎತ್ತಿಸುವುದು. ಪೇಪರಿನವರು ಇಂಥವರನ್ನು ಮುಳುಗು ತಜ್ಞ ಅಂತ ಬರೆಯುತ್ತಾರೆ. ಹಾಗೆ ಬರೆದ ದಿನವೂ ತಜ್ಞರು ಮನೆಗೆ ಬಂದದ್ದು ಗ್ರೀಸು ಮೆತ್ತಿದ ಬನಿಯನ್ನಿನಲ್ಲೇ.

ಎಡಗೈಯವರ ಪಾಡು ಬಲಗೈಯವರಿಗೆ ತಿಳಿಯುವುದಿಲ್ಲ. ನಾನು ಹೊಲಿಗೆ ಅಂಗಡಿ ಇಟ್ಟವಳು, ಬಲಗೈಗೆ ಮಾತ್ರ ಒಗ್ಗುವ ಕತ್ತರಿಯ ಬುದ್ಧಿ ಗೊತ್ತಿರುವುದರಿಂದ ನನಗೆ ಅಷ್ಟಿಷ್ಟು ತಿಳಿಯುತ್ತದೆ. ಚಿಕ್ಕಂದಿನಲ್ಲಿ ಅಣ್ಣ ನನಗೆ ಕಾಗದದ ಗೊಂಬೆ ಕತ್ತರಿಸಿ ಕೊಟ್ಟರೆ ಒಂದಕ್ಕೂ ಕತ್ತು ನೆಟ್ಟಗಿರುತ್ತಿರಲಿಲ್ಲ. ಅಮ್ಮ ಅವನ ಎಡಗೈಗೆ ಸೌಟಿನಲ್ಲಿ ಬಾರಿಸಿ ಬಾರಿಸಿ ಸೌಟು ಸೊಟ್ಟಗಾಯಿತೇ ಹೊರತು ಮಗ ಬದಲಾಗಲಿಲ್ಲ. ಕೆಲಸಕ್ಕೆ ಸೇರಿದ ಮೇಲೂ ಅದೇ ಗೋಳು. ಮುಖವಾಡದ ಪಟ್ಟಿ, ಗಾಳಿ ಕೊಳವೆಯ ತಿರುಪು, ಸೊಂಟದ ಚಾಕುವಿನ ಒರೆ, ಎಲ್ಲ ಬಲಗೈಯವರಿಗೆ ಅಂತ ಮಾಡಿದ್ದು. ಅವನು ದೂರಿದವನಲ್ಲ. ಎಲ್ಲವನ್ನೂ ತಿರುಗಾಮುರುಗಾ ಬಳಸುವುದನ್ನು ಕಲಿತುಬಿಟ್ಟಿದ್ದ.

ಅಂಥವನಿಗೆ ಒಂದು ದಿನ ಪೇಟೆಯ ವಾಚಿನಂಗಡಿಯಲ್ಲಿ ಆ ವಾಚು ಕಣ್ಣಿಗೆ ಬಿತ್ತು. ನೀರಿಗಿಳಿಯುವವರ ವಾಚು, ಟೈಟಾನಿಯಮ್ಮಿನದು. ಮಾಮೂಲಿ ವಾಚಿಗೆ ಕೀ ತಿರುಗಿಸುವ ಗುಂಡಿ ಬಲಗಡೆ ಇರುತ್ತದಲ್ಲ, ಇದಕ್ಕೆ ಎಡಗಡೆ. ಬಲಗೈಗೆ ಕಟ್ಟಿಕೊಂಡು ಎಡಗೈಯಲ್ಲಿ ತಿರುಗಿಸಬೇಕು. ಅಂಗಡಿಯವನಿಗೆ ತೋರಿಸಲೂ ಮುಜುಗರವಂತೆ. ಇದು ಎಡಚರಿಗೆ ಮಾತ್ರ ಆಗಿಬರುವುದು, ಯಾರೂ ಕೇಳುವುದಿಲ್ಲ, ಬೇರೆ ತೋರಿಸುತ್ತೇನೆ ಇರಿ ಅಂದನಂತೆ. ಅಣ್ಣ ಬೇರೆ ಯಾವುದನ್ನೂ ನೋಡಲಿಲ್ಲ. ಅದನ್ನು ಕೈಗೆ ಕಟ್ಟಿಕೊಂಡೇ ಮನೆಗೆ ಬಂದ.

ನನಗೆ ಮೊದಲಿಗೆ ಅದರಲ್ಲಿ ಏನೂ ಕಾಣಲಿಲ್ಲ. ಹೊಳಪಿಲ್ಲದ ಬೂದು ಬಣ್ಣ, ಡಬ್ಬಿ ಮುಚ್ಚಳದ ಹಾಗಿತ್ತು. ಹಾಗಂತ ಅಂದೂಬಿಟ್ಟೆ. ಅವನು ಬೇಜಾರು ಮಾಡಿಕೊಳ್ಳದೆ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಅಷ್ಟು ದಪ್ಪದ ವಾಚಿಗೆ ಭಾರವೇ ಇಲ್ಲ. ಉಕ್ಕಿನ ಹಾಗೆ ತಣ್ಣಗೆ ಕಚ್ಚುವುದೂ ಇಲ್ಲ, ಕ್ಷಣದಲ್ಲಿ ಕೈಯ ಬಿಸಿಯನ್ನೇ ತೆಗೆದುಕೊಂಡಿತು. ಉಪ್ಪುನೀರಿನಲ್ಲಿ ಎಷ್ಟು ಕಾಲ ಬಿದ್ದಿದ್ದರೂ ತುಕ್ಕು ಹತ್ತುವುದಿಲ್ಲವಂತೆ. ಮುಳ್ಳುಗಳು ಕತ್ತಲಲ್ಲಿ ಹಸಿರಾಗಿ ಉರಿಯುತ್ತವೆ ಅಂತ ತೋರಿಸಲು ನನ್ನನ್ನೂ ಅತ್ತಿಗೆಯನ್ನೂ ಬಟ್ಟೆ ಕಪಾಟಿನೊಳಗೆ ತಲೆ ಹಾಕಿಸಿದ. ಅತ್ತಿಗೆ ಕಪಾಟಿನೊಳಗಿನಿಂದಲೇ, ಮದುವೆಯ ದಿನ ನನ್ನ ಮುಖವನ್ನೂ ಇಷ್ಟು ಹೊತ್ತು ನೋಡಿರಲಿಲ್ಲ ಮಹರಾಯ ಅಂದಳು.

"ನನ್ನ ಕೈಗೆ ಅಂತ ಯಾರೋ ಕೂತು ಮಾಡಿದಾರೆ ನೋಡು," ಅಂದ ಅಣ್ಣ. "ಇದೊಂದು ನೆಟ್ಟಗಿದೆ."

ಬಂದರಿನಲ್ಲಿ ಈ ವಾಚು ಒಂದು ತಮಾಷೆಗೆ ದಾರಿಯಾಯಿತು. ಅದು ಅರ್ಥವಾಗಬೇಕಾದರೆ ಅವರ ಒಂದು ಪದ್ಧತಿ ಹೇಳಬೇಕು. ಆಳದಲ್ಲಿ ನೀರೆಲ್ಲ ರಾಡಿ, ವಾಚಿನ ಅಂಕಿಗಳು ಕಾಣುವುದಿಲ್ಲ. ದೊಡ್ಡ ಮುಳ್ಳಿನ ಹಸಿರು ಗೆರೆ ಮಾತ್ರ ಮಸುಕಾಗಿ ಕಾಣುತ್ತದೆ. ಇಳಿದ ಹೊತ್ತು ಗುರುತಿಡಲು ಗಾಜಿನ ಸುತ್ತ ತಿರುಗುವ ಬಳೆಯೇನೋ ಇರುತ್ತದೆ, ಅದನ್ನು ಅವರು ನಂಬುತ್ತಿರಲಿಲ್ಲ, ಕೆಸರು ಕಚ್ಚಿದರೆ ಅದು ಅಲುಗುವುದೇ ಇಲ್ಲ. ಅದಕ್ಕೆ ತಮ್ಮದೇ ಒಂದು ಲೆಕ್ಕ ಮಾಡಿಕೊಂಡಿದ್ದರು. ಪ್ರತಿ ಗಂಟೆಗೆ ಸರಿಯಾಗಿ, ದೊಡ್ಡ ಮುಳ್ಳು ಹನ್ನೆರಡಕ್ಕೆ ಬಂದಾಗ ಕೂಗುವ ಬಂದರಿನ ಸೈರನ್ ಆದ ಕೂಡಲೇ ಇಳಿಯಬೇಕು. ಕೆಳಗೆ ಹೆಬ್ಬೆರಳನ್ನು ವಾಚಿನ ಗುಂಡಿಯ ಮೇಲಿಟ್ಟು ನೋಡಬೇಕು. ಹಸಿರು ಮುಳ್ಳು ಹೆಬ್ಬೆರಳಿನ ಕಡೆಗೆ ತಿರುಗಿದರೆ ಕಾಲು ಗಂಟೆ ಆಯಿತು, ಹತ್ತಬೇಕು. ಆ ಆಳದಲ್ಲಿ ಅದಕ್ಕಿಂತ ಹೆಚ್ಚು ಇದ್ದು ಮೇಲೆ ಬಂದರೆ ಮೈಯೊಳಗಿನ ರಕ್ತ ಸೋಡಾ ಬಾಟಲಿ ತೆಗೆದ ಹಾಗೆ ನೊರೆಯಾಗುತ್ತದೆ. ಅಣ್ಣನ ವಾಚಿನ ಗುಂಡಿ ಎಡಗಡೆ ಇರುವುದರಿಂದ ಅವನ ಮುಳ್ಳು ಹೆಬ್ಬೆರಳಿಗೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿರುತ್ತದೆ. ಹಾಗಾಗಿ ಅವನು ಮುಳ್ಳು ಹೆಬ್ಬೆರಳಿನ ಎದುರು ದಿಕ್ಕಿಗೆ ಬಂದಾಗಲೇ ಹತ್ತುತ್ತಿದ್ದ. ಎಡಚನಿಗೆ ಕಾಯಿದೆಯೂ ಬೇರೆ ಅಂತ ಎಲ್ಲರೂ ನಕ್ಕರು. ನಕ್ಕು ಮರೆತರು.

ಅಣ್ಣನ ಜೊತೆಗೆ ಇಳಿಯುತ್ತಿದ್ದವನು ಅತ್ತಿಗೆಯ ತಮ್ಮ. ಕಡ್ಡಿಯಂಥ ಮೈ, ಎಲ್ಲರ ಬಾಯಲ್ಲೂ ಗುಬ್ಬಿ. ತಾಯಿಯಿಲ್ಲದವನನ್ನು ಅತ್ತಿಗೆಯೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು, ಅಣ್ಣ ಕೆಲಸ ಕಲಿಸಿದ್ದ. ಒಬ್ಬ ಕೆಳಗಿದ್ದರೆ ಇನ್ನೊಬ್ಬ ದೋಣಿಯಲ್ಲಿ ಕೂತು ಹಗ್ಗ ಹಿಡಿಯಬೇಕು. ಮೇಲಿನವನು ಎರಡು ಸಲ ಜಗ್ಗಿದರೆ ಹೇಗಿದ್ದೀಯ ಅಂತ. ಕೆಳಗಿನವನು ಎರಡು ಸಲ ಜಗ್ಗಿದರೆ ಸರಿಯಿದ್ದೇನೆ ಅಂತ. ಆ ವಿಷಯದಲ್ಲಿ ಕೆಳಗಿನವನ ಮಾತೇ ಮಾತು.

ಮರಳಿನ ದೋಣಿಯೊಂದು ಮುಳುಗಿ, ಅದನ್ನು ಎತ್ತುವ ಕೆಲಸ ಬಂತು. ಆ ಬೆಳಿಗ್ಗೆ ಗುಬ್ಬಿಯ ವಾಚಿನೊಳಗೆ ನೀರು ಹೊಕ್ಕು ಗಾಜು ಮಂಜಾಗಿತ್ತು. ಹೊತ್ತು ನೋಡಿಕೊಳ್ಳುವ ಮೇಸ್ತ್ರಿ ಆಚೆ ಬದಿಯ ಇನ್ನೊಂದು ದೋಣಿಯಲ್ಲಿದ್ದ. ಒಬ್ಬರಾದ ಮೇಲೆ ಒಬ್ಬರು ಇಳಿಯುವುದು ತಾನೆ, ಒಂದೇ ವಾಚು ಸಾಕು ಅಂತ ಅಣ್ಣ ತನ್ನದನ್ನೇ ಬಿಚ್ಚಿ ಕೊಟ್ಟ. ಗುಬ್ಬಿ ತನ್ನ ಅಭ್ಯಾಸದಂತೆ ಎಡಗೈಗೆ ಕಟ್ಟಿಕೊಂಡ. ಸೈರನ್ ಕೂಗಿತು, ಇಳಿದ.

ಅವನು ಹತ್ತಿದ್ದು ಮುಳ್ಳು ಹೆಬ್ಬೆರಳಿಗೆ ಬಂದಾಗ. ನಗುತ್ತಲೇ ದೋಣಿ ಏರಿದ. ಇವತ್ತು ಯಾಕೋ ಹೊತ್ತೇ ಹೋಗಲಿಲ್ಲ ಭಾವ ಅಂದು ವಾಚು ಬಿಚ್ಚಿ ಕೊಟ್ಟ. ಅಣ್ಣ ಅದನ್ನು ತನ್ನ ಬಲಗೈಗೆ ಕಟ್ಟಿಕೊಳ್ಳುವಾಗಲೇ ಮುಳ್ಳು ಎಲ್ಲಿದೆ ಅಂತ ನೋಡಿದ್ದು. ಅಷ್ಟು ಹೊತ್ತಿಗೆ ಗುಬ್ಬಿ ಮಂಡಿ ನೋಯುತ್ತದೆ ಅಂತ ಕೂತುಬಿಟ್ಟಿದ್ದ. ನೊರೆಯಾದ ರಕ್ತಕ್ಕೆ ಚಿಕಿತ್ಸೆ ಕೊಡುವ, ಗಾಳಿ ಒತ್ತಿ ತುಂಬಿದ ಕೋಣೆ ಇನ್ನೊಂದು ಬಂದರಿನಲ್ಲಿತ್ತು. ದಾರಿ ಮುಗಿಯುವ ಮೊದಲೇ ಹುಡುಗ ಮುಗಿದ.

ಗಾಳಿ ಯಂತ್ರದಲ್ಲಿ ಏನೋ ದೋಷ ಅಂತ ಎಲ್ಲರೂ ಮಾತಾಡಿಕೊಂಡರು. ಅತ್ತಿಗೆಯೂ ಅದನ್ನೇ ನಂಬಿದಳು. ನಿಜ ಗೊತ್ತಿದ್ದದ್ದು ಅಣ್ಣನಿಗೆ, ಆಮೇಲೆ ನನಗೆ. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಮಿಶನ್ನಿನ ಎದುರಿನ ಸ್ಟೂಲಿನಲ್ಲಿ ಕೂತು ಹೇಳಿದ. ವಾಚು ಕೊಡುವಾಗ ಗುಂಡಿ ತಿರುಗಾಮುರುಗಾ ಇದೆ ಅನ್ನುವ ಮಾತು ಅವನ ನಾಲಗೆಗೆ ಬರಲೇ ಇಲ್ಲವಂತೆ. ನನಗೆ ಅರ್ಥವಾಯಿತು. ಹುಟ್ಟಿದಾಗಿನಿಂದ ಅವನ ಕೈಗೆ ನೆಟ್ಟಗೆ ಸಿಕ್ಕಿದ್ದು ಅದೊಂದೇ ವಸ್ತು. ಅದು ಇನ್ನೊಬ್ಬರಿಗೆ ತಿರುಗಾಮುರುಗಾ ಆಗುತ್ತದೆ ಅಂತ ಅವನಿಗೆ ಹೇಗೆ ಹೊಳೆಯಬೇಕು? ಅತ್ತಿಗೆಗೆ ಹೇಳು ಅಂದೆ. ಹೇಳಿದರೆ ಅವಳು ನನ್ನ ಮುಖ ನೋಡುವುದಿಲ್ಲ ಅಂದ. ಹೇಳದೆ ಅವಳ ಮುಖ ನೋಡುತ್ತೀಯಲ್ಲ, ಅದಕ್ಕೇನು ಹೇಳುತ್ತೀ ಅಂತ ನಾನು ರೇಗಿದೆ. ಎದ್ದು ಹೋದ.

ಅಲ್ಲಿಂದ ಅವನು ನೀರಿಗಿಳಿಯಲಿಲ್ಲ. ಬಂದರಿನ ಉಗ್ರಾಣದಲ್ಲಿ ಹಗ್ಗ, ಕೊಳವೆ ಕೊಡುವ ಕೆಲಸಕ್ಕೆ ಹಾಕಿದರು. ವಾಚು ಮಾತ್ರ ಬಿಚ್ಚಲಿಲ್ಲ. ಅವರ ಮನೆಗೆ ಸೈರನ್ ಚೆನ್ನಾಗಿ ಕೇಳಿಸುತ್ತದೆ. ಅದು ಕೂಗಿದ ಕೂಡಲೇ ಅವನು ಮಾಡುತ್ತಿದ್ದ ಕೆಲಸ ಹಾಗೇ ನಿಲ್ಲುತ್ತಿತ್ತು. ಎಡಗೈ ಹೆಬ್ಬೆರಳು ಗುಂಡಿಯ ಮೇಲೆ ಹೋಗುತ್ತಿತ್ತು. ಕರೆದರೆ ಓಗೊಡುತ್ತಿರಲಿಲ್ಲ. ತಟ್ಟೆಯಲ್ಲಿ ಅನ್ನ ಆರಿ ತಣ್ಣಗಾಗುತ್ತಿತ್ತು. ಮುಳ್ಳು ಹೆಬ್ಬೆರಳಿಗೆ ಬಂದ ಮೇಲೆ ಒಂದು ಉಸಿರು ಬಿಟ್ಟು, ಏನೂ ಆಗದವನ ಹಾಗೆ ಊಟ ಮುಂದುವರಿಸುತ್ತಿದ್ದ. ಭಾರವೇ ಇಲ್ಲದ ವಾಚು ಈಗ ಕೈ ಜಗ್ಗುತ್ತದೆ ಅಂತ ಒಮ್ಮೆ ನನಗೆ ಹೇಳಿದ. ಭಾರ ಅಂದರೆ ಮನಸ್ಸಿನದು ಅಂತ ನಾನು ತಿಳಿದುಕೊಂಡೆ.

ನಾನು ದೆವ್ವ ಭೂತ ಅಂತ ಹೆದರುವವಳಲ್ಲ. ಹೆದರುವವರನ್ನು ಕಂಡರೆ ಕೀಟಲೆ ಮಾಡುವವಳು. ಒಂದು ದಿನ ಅವನು ಹಾಗೆ ಮುಳುಗಿ ಕೂತಿದ್ದಾಗ ಸಿಟ್ಟು ಬಂದು, ಏಳೋ ಅಂತ ಅವನ ಬಲಗೈ ಮಣಿಕಟ್ಟು ಹಿಡಿದೆ. ವಾಚು ಐಸಿನಷ್ಟು ತಣ್ಣಗಿತ್ತು. ಅವನ ಕೈ ಬೆಚ್ಚಗಿತ್ತು, ವಾಚು ಮಾತ್ರ ತಣ್ಣಗೆ. ಅದರ ಒಳಗಿನಿಂದಲೋ ಕೆಳಗಿನಿಂದಲೋ ಯಾರೋ ಒಂದು ಸಲ ಜಗ್ಗಿದರು. ಇನ್ನೊಂದು ಸಲ ಜಗ್ಗಿದರು. ನನ್ನ ಕೈಯೂ ಜೊತೆಗೆ ಹೋಯಿತು. ಬಿಟ್ಟು ಹಿಂದೆ ಸರಿದೆ. ಆ ವಾರವೆಲ್ಲ ಹೊಲಿಗೆ ನೇರ ಬೀಳಲಿಲ್ಲ. ನಾನು ಹೆದರಿದ್ದೆ, ಅದನ್ನು ಬೇರೆ ಹೇಗೆ ಹೇಳಲಿ.

ಹೀಗೆ ಎರಡು ವರ್ಷ ಹೋಯಿತು. ಒಂದು ರಜೆಯ ಬೆಳಿಗ್ಗೆ ಪರದೆ ಅಳತೆಗೆ ಅಂತ ಅವರ ಮನೆಗೆ ಹೋಗಿದ್ದೆ. ಅಣ್ಣ ಅಡುಗೆಮನೆಯ ಮೇಜಿನ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಿದ್ದ. ಅತ್ತಿಗೆ ಒಲೆಯ ಕಡೆ ನಿಂತು, ನನಗೆ ಹೇಳುವ ಹಾಗೆ ಅವನಿಗೆ ಹೇಳತೊಡಗಿದಳು. ಈ ವಾಚು ಇನ್ನು ಬಿಚ್ಚಿಡಲಿ. ನನ್ನ ತಮ್ಮನ ಕೈಯಲ್ಲಿ ಕೊನೆಗೆ ಇದ್ದದ್ದು ಅಂತ ಜೀವದ ಹಾಗೆ ಇಟ್ಟುಕೊಂಡಿದ್ದಾರೆ, ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ, ಆದರೆ ಇವರು ಸೊರಗುವುದನ್ನು ನನಗೆ ನೋಡಲಾಗುವುದಿಲ್ಲ. ಹೀಗೆ ಮಾತು ಮುಂದುವರಿಯುತ್ತಿತ್ತು. ಬೈದಿದ್ದರೆ ಅಣ್ಣ ತಡೆದುಕೊಳ್ಳುತ್ತಿದ್ದ. ಹೊಗಳಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಬೆಳ್ಳುಳ್ಳಿ ಕೆಳಗಿಟ್ಟು, ತಲೆ ಎತ್ತದೆ, ವಾಚಿನ ವಿಷಯವನ್ನೆಲ್ಲ ಹೇಳಿದ.

ಅತ್ತಿಗೆ ಒಲೆ ಆರಿಸಿ ಬಂದು ಅವನ ಎದುರು ಕೂತಳು. ಅಳಲಿಲ್ಲ. ಕೈ ಚಾಚಿದಳು. ಅವನು ವಾಚು ಬಿಚ್ಚಿ ಕೊಟ್ಟ. ಅವಳು ಎಡಗೈಗೆ ಕಟ್ಟಿಕೊಂಡು, ಹೆಬ್ಬೆರಳು ಎಲ್ಲಿಡಬೇಕು ಅಂತ ಕೇಳಿದಳು. ತೋರಿಸಿದ. ಮೂವರೂ ಸೈರನ್ನಿಗೆ ಕಾದೆವು. ಸೈರನ್ ಕೂಗಿತು. ಅವಳು ಬೆರಳು ಗುಂಡಿಯ ಮೇಲಿಟ್ಟು ಮುಳ್ಳನ್ನು ನೋಡುತ್ತ ಕೂತಳು.

ನನಗೆ ಎದ್ದು ಹೋಗಬೇಕು ಅನ್ನಿಸಿತು, ಏಳಲಾಗಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು. ಕಾಲು ಗಂಟೆಯಾದಾಗ ಅಣ್ಣ, ಅವನು ಬರಬೇಕಾಗಿದ್ದದ್ದು ಇಲ್ಲಿಗೆ ಅಂತ ಮೆಲ್ಲಗೆ ಅಂದ. ಅತ್ತಿಗೆ ಕಣ್ಣು ಎತ್ತಲಿಲ್ಲ. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆದು, ಹಿಂಡಿ, ಹರವಿ ಒಳಗೆ ಹೋದರು. ಒಲೆಯ ಮೇಲಿದ್ದದ್ದು ಆರಿ ಕೆನೆ ಕಟ್ಟಿತು. ಅರ್ಧ ಗಂಟೆಯಾಯಿತು. ಮುಳ್ಳು ಇನ್ನೂ ಕೆಳಗೇ ಇತ್ತು. ಮುಕ್ಕಾಲು ಗಂಟೆ ಅನ್ನುವುದು ಎಷ್ಟು ಉದ್ದ ಅಂತ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಅಣ್ಣನ ಹಣೆಯಲ್ಲಿ ಬೆವರಿತ್ತು. ಯಾಕೆ ಬೆವರುತ್ತಿದ್ದಾನೆ, ಹೇಳಬೇಕಾದ್ದನ್ನು ಹೇಳಿ ಆಯಿತಲ್ಲ ಅಂದುಕೊಂಡೆ.

ಮುಳ್ಳು ಹೆಬ್ಬೆರಳಿಗೆ ಬಂತು. ಅತ್ತಿಗೆ ತಲೆ ಎತ್ತಿದಳು.

"ವಾಚು ಅವನ ಹತ್ರ ಇತ್ತು, ಸರಿ. ಗುಂಡಿ ಆ ಕಡೆ ಇತ್ತು, ಸರಿ," ಅಂದಳು. "ಇಷ್ಟು ಹೊತ್ತು ನೀವು ಹಗ್ಗ ಹಿಡ್ಕೊಂಡು ಸುಮ್ನೆ ಕೂತಿದ್ರಾ?"

ಇದನ್ನು ನಾನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನನಗೆ ಹೊಳೆದೇ ಇರಲಿಲ್ಲ.

ಎರಡು ಸಲ ಜಗ್ಗಿ ಕೇಳಿದೆ, ಎರಡು ಸಲ ಜಗ್ಗಿ ಸರಿ ಅಂದ, ಮತ್ತೆ ಕೇಳಿದೆ, ಮತ್ತೆ ಸರಿ ಅಂದ ಅಂತ ಅಣ್ಣ ಶುರು ಮಾಡಿದ. ಅತ್ತಿಗೆ ನೋಡುತ್ತಲೇ ಇದ್ದಳು. ಅವನ ಮಾತು ನಿಂತಿತು. ಆಮೇಲೆ ಬೇರೆ ಯಾರದೋ ದನಿಯಲ್ಲಿ ಹೇಳಿದ.

"ಹೊತ್ತು ಮೀರ್ತಿದೆ ಅಂತ ಗೊತ್ತಿತ್ತು ಕಣೆ. ಅವತ್ತು ಕಿವಿ ನೋಯ್ತಿತ್ತು ನಂಗೆ. ಅವನು ಹತ್ತಿದ್ರೆ ನಾನು ಇಳೀಬೇಕಿತ್ತು. ಬಿಸಿಲು ಚೆನ್ನಾಗಿತ್ತು. ಇನ್ನೊಂದು ಸ್ವಲ್ಪ ಇರ್ಲಿ, ಇನ್ನೊಂದು ಸ್ವಲ್ಪ ಇರ್ಲಿ ಅಂತ ಕೂತೆ."

ಅಣ್ಣನ ಮೇಲೆ ನನಗೆ ಅಸಹ್ಯ ಬಂತು. ಅದರ ಹಿಂದೆಯೇ ಇನ್ನೊಂದು ಅರ್ಥವಾಯಿತು. ಇವನು ಪ್ರತಿ ಸೈರನ್ನಿಗೂ ಮುಳುಗಿ ಹೋಗುತ್ತಿದ್ದದ್ದು ನೀರಿಗಲ್ಲ, ಆ ಬಿಸಿಲಿಗೆ.

ಅತ್ತಿಗೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಎಡಗೈ ಅಂಚಿನ ಕಡೆಗೆ ಜಾರಿತು. ನಿಂತಿತು. ಇನ್ನೊಂದು ಸಲ ಜಾರಿತು. ಬೆಳ್ಳುಳ್ಳಿ ಸಿಪ್ಪೆ ಕೆಳಗೆ ಬಿತ್ತು. ಅವಳು ಕೈಯನ್ನೇ ನೋಡಿದಳು, ಹೆದರಿಕೆಯಿಲ್ಲದೆ. ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡಿದಳು.

"ಇನ್ನೂ ಸರಿ ಅಂತಾನೇ ಇದಾನೆ," ಅಂದಳು.

ಅಣ್ಣ ಕುರ್ಚಿಯಿಂದ ಅರ್ಧ ಎದ್ದಿದ್ದ. ಅವಳು ಕೈಯನ್ನು ಅವನ ಕಡೆಗೆ ಚಾಚಿದಳು. ಯಾರೋ ಅವಳ ತೋಳನ್ನು ಕೆಳಗೆ ಎಳೆಯುತ್ತಿದ್ದರು.

"ಎಳೀರಿ. ಅವನು ಏನೇ ಅನ್ಲಿ, ನೀವು ಎಳೀರಿ."

ಅಣ್ಣ ಅವಳ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದ. ಹಿಡಿದು, ಕಾಲನ್ನು ಮೇಜಿನ ಕಾಲಿಗೆ ಒತ್ತಿ, ಹಲ್ಲು ಕಚ್ಚಿ ಎಳೆಯತೊಡಗಿದ. ನಾನೂ ಹೋಗಿ ಹಿಂದಿನಿಂದ ಅವನ ಸೊಂಟ ಹಿಡಿದುಕೊಂಡೆ.