ಟ್ಯಾಬ್ ಬೇಡವೆಂದ ರಾಗ್ನಿ

ರಾಗ್ನಿಯ ಬಾಯಿ ಜೋರು ಎಂಬುದು ನಮ್ಮೂರಿಗೆಲ್ಲ ಗೊತ್ತು. ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಕಾರುಗಳನ್ನು ಆಚೆ ದಡಕ್ಕೆ ದಾಟಿಸುವ ಫೆರಿಯ ಕ್ಯಾಂಟೀನಿನಲ್ಲಿ ಕಾವಲಿ ಮೇಲೆ ಸ್ವೇಲೆ ಎಂಬ ದಪ್ಪ ಸಿಹಿದೋಸೆ ಹುಯ್ಯುವುದು ಅವಳ ಕೆಲಸ.

ಮಗಳು ಸುನ್ನಿವಾ ಒಂದನೇ ತರಗತಿಗೆ ಸೇರಿದಾಗ ಶಾಲೆಯವರು ಪುಸ್ತಕಗಳನ್ನು ರದ್ದಿಗೆ ಹಾಕಿ, ಮಕ್ಕಳ ಕೈಗೆ ಒಂದೊಂದು ಟ್ಯಾಬ್ ಕೊಟ್ಟರು. ರಾಗ್ನಿ ಮಾರನೆಯ ದಿನವೇ ಅದನ್ನು ಮೇಷ್ಟ್ರು ಗೈರ್‌ನ ಮೇಜಿನ ಮೇಲಿಟ್ಟಳು.

“ಇನ್ನೂ ಪೆನ್ಸಿಲ್ ಹಿಡಿಯೋಕೆ ಬರಲ್ಲ, ಆಗ್ಲೇ ಗಾಜು ಉಜ್ಜೋದು ಕಲಿಸ್ತೀರಾ?”

ಪೋಷಕರ ಸಭೆಯಲ್ಲೂ ಅದನ್ನೇ ಕೇಳಿದಳು. ಎಲ್ಲರೂ ಕಾಫಿ ಲೋಟ ನೋಡುತ್ತ ಕುಳಿತರು. ಸಭೆ ಮುಗಿದ ಮೇಲೆ ಕಾರುಗಳ ಹತ್ತಿರ ಮೂವರು ಬಂದು, “ನೀನ್ ಹೇಳಿದ್ದು ಸರಿ ಕಣೇ” ಎಂದು ಪಿಸುಗುಟ್ಟಿದರು. ಥೂ, ಇಂಥ ಬೆಂಬಲಕ್ಕಿಷ್ಟು ಬೆಂಕಿ ಹಾಕ! ನಮ್ಮ ಜನಕ್ಕೆ ಸತ್ಯ ಹೇಳಲು ಕತ್ತಲೂ ಬೇಕು, ಓಡಿಹೋಗಲು ಕಾರಿನ ಬಾಗಿಲೂ ತೆರೆದಿರಬೇಕು.

ಹಾಗಾಗಿ ತರಗತಿಯಲ್ಲಿ ಕಾಗದ ಹಿಡಿದವಳು ಸುನ್ನಿವಾ ಒಬ್ಬಳೇ. ಉಳಿದವರು ಟ್ಯಾಬಿನಲ್ಲಿ ಸೇರಿಕೊಂಡು ಕಥೆ ಕಟ್ಟುವಾಗ ಇವಳು ಕಿಟಕಿ ಪಕ್ಕ ಜೆರಾಕ್ಸ್ ಹಾಳೆ ತುಂಬುತ್ತಿದ್ದಳು. ‘ಅಜ್ಜಿ’ ಎಂಬ ಅಡ್ಡಹೆಸರು ಬಿತ್ತು.

ರಾಗ್ನಿ ಮತ್ತು ಗಂಡ ಟೆರಿಯೆ ಬೇರೆಯಾಗಿದ್ದರು. ಮಗಳು ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪನ ಮನೆ. ಅಪ್ಪನ ವಾರದಲ್ಲಿ ಟ್ಯಾಬ್ ಸಿಗುತ್ತಿತ್ತು.

“ನಾನು ಕಟ್ಟೋದು, ನೀನು ಕೆಡವೋದು!” ಎಂದು ರಾಗ್ನಿ ಫೋನಿನಲ್ಲಿ ಕೂಗಾಡಿದಳು.

“ಮಗು ಅಳ್ತಿತ್ತು ಮಾರಾಯ್ತಿ,” ಎಂದ ಟೆರಿಯೆ. “ನಿನ್ನ ಜಗಳಕ್ಕೆ ಅವಳನ್ನ ಯಾಕೆ ಮುಂದೆ ನಿಲ್ಲಿಸ್ತೀಯಾ?”

ಮಾತು ಚುಚ್ಚಿತು. ಆದರೂ ಹಟ ಬಿಡಲಿಲ್ಲ. ತಾನು ಬಗ್ಗಿದರೆ ಮಗಳಿಗೆ ಓದೇ ಹತ್ತುವುದಿಲ್ಲ ಎಂಬ ಹೆದರಿಕೆ ಅವಳಿಗೆ ನಿಜವಾಗಿಯೂ ಇತ್ತು.

ವರ್ಷಗಳು ಹೀಗೇ ಕಳೆದವು. ಅಪ್ಪ ಅಮ್ಮ ಬೇರೆಯಾದರೆ ಯಾರ ಮನೆಯಲ್ಲಿರಬೇಕು ಎಂಬುದರಲ್ಲಿ ಹನ್ನೆರಡು ತುಂಬಿದ ಮಗುವಿನ ಮಾತಿಗೆ ನಮ್ಮಲ್ಲಿ ಬೆಲೆ ಜಾಸ್ತಿ. ಆ ಹುಟ್ಟುಹಬ್ಬ ಕಳೆದದ್ದೇ ಸುನ್ನಿವಾ ಅಡುಗೆಮನೆಯಲ್ಲಿ ನಿಂತು ಹೇಳಿದಳು: “ಅಮ್ಮ, ನಾನಿನ್ನು ಅಪ್ಪನ ಮನೇಲೇ ಇರ್ತೀನಿ. ಭಾನುವಾರ ಬರ್ತೀನಿ.”

“ಆ ಹಾಳು ಗಾಜಿಗೋಸ್ಕರಾನಾ?”

“ನೋಡು, ಈಗ್ಲೂ ಅದನ್ನೇ ಕೇಳ್ತೀಯಾ.”

ಅದೇ ವರ್ಷ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಗಾಳಿ ತಿರುಗಿತ್ತು. ಮಕ್ಕಳಿಗೆ ಓದು ಬರುತ್ತಿಲ್ಲ, ಪುಸ್ತಕ ಮತ್ತೆ ಕೊಡಿ ಎಂದು ಮೇಲಿನವರೇ ಹೇಳತೊಡಗಿದ್ದರು. ಗೈರ್ ಫೆರಿಯಲ್ಲಿ ಸ್ವೇಲೆ ಕೊಳ್ಳುತ್ತ, “ಪುಸ್ತಕ ಬಂತು ರಾಗ್ನಿ. ನಾನು ಮೊದ್ಲಿಂದ್ಲೂ ಹೇಳ್ತಾನೇ ಇದ್ದೆ,” ಎಂದ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅನ್ನುವುದು ಸುಮ್ಮನೆ ಅಲ್ಲ. ಅವನ ಮುಖಕ್ಕೆ ಹಿಟ್ಟು ಎರಚಬೇಕೆನಿಸಿತು ಅವಳಿಗೆ. ಆದರೆ ಖುಷಿ ತಡೆಯಲಾಗದೆ ಅವನ ತಟ್ಟೆಗೆ ಇನ್ನೊಂದು ಸ್ವೇಲೆ ಹಾಕಿದಳು.

ಕೆಲಸ ಮುಗಿದದ್ದೇ ಅಂಗಡಿಗೆ ಓಡಿದಳು. ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕಿಕೊಡುವುದು ನಮ್ಮಲ್ಲಿ ಮನೆಯವರ ಕೆಲಸ. ಇಷ್ಟು ವರ್ಷ ಆ ಭಾಗ್ಯ ಅವಳಿಗೆ ಸಿಕ್ಕಿರಲಿಲ್ಲ. ಹೂವಿನ ಚಿತ್ರದ ಕಾಗದದ ಸುರುಳಿ, ಕತ್ತರಿ, ಟೇಪು ಹಿಡಿದು ಟೆರಿಯೆಯ ಬಾಗಿಲು ತಟ್ಟಿದಳು.

ಸುನ್ನಿವಾ ತೆರೆದಳು. ಅವಳ ಹಿಂದೆ, ಮೇಜಿನ ಮೇಲೆ ನೀಲಿ ಬೈಂಡ್ ಹಾಕಿದ ಪುಸ್ತಕಗಳು. ಟೆರಿಯೆಯ ಜೊತೆ ಈಗ ಬಾಳುತ್ತಿರುವ ಸೀವ್ ಕೆಳಗೆ ಬಿದ್ದ ಕಾಗದದ ಚೂರು ಗುಡಿಸುತ್ತಿದ್ದಳು.

“ಎಲ್ಲಾ ಆಯ್ತಮ್ಮ,” ಎಂದಳು ಮಗಳು, ಸಂಕೋಚದಿಂದ. “ಸೀವ್ ಹಾಕ್ಕೊಟ್ಲು.”

“ಚೆನ್ನಾಗಿ ಹಾಕಿದಾಳೆ,” ಎಂದಳು ರಾಗ್ನಿ. ಮೂಲೆ ಮಡಿಚಿದ್ದು ನಿಜಕ್ಕೂ ಚೆನ್ನಾಗಿತ್ತು.